ಬೇಕಲೈಟ್‌ಗಿಂತ ಮೊದಲಿನ ಬೇಕ್‌ಲ್ಯಾಂಡ್

ರಸಾಯನಶಾಸ್ತ್ರ ಓದುವ ನಮಗೆಲ್ಲ ಲಿಯೋ ಬೇಕ್‌ಲ್ಯಾಂಡ್ ಎಂದರೆ ಬೇಕಲೈಟ್. ಫೀನಾಲ್, ಫಾರ್ಮಾಲ್ಡಿಹೈಡ್, ಹಳೆಯ ಮನೆಗಳ ಕರಿ ಸ್ವಿಚ್ಚು, ಕುಕ್ಕರಿನ ಹಿಡಿ. ಅಲ್ಲಿಗೆ ಅವರ ಕತೆ ಮುಗಿಯುತ್ತದೆ. ಆದರೆ ಬೇಕಲೈಟ್ ಕಂಡುಹಿಡಿಯುವ ಹೊತ್ತಿಗೆ ಅವರು ಬೇರೊಂದು ಕ್ಷೇತ್ರದಲ್ಲಿ ಗೆದ್ದು, ಗೆದ್ದದ್ದನ್ನು ಮಾರಿ, ಆ ಕಡೆ ಮತ್ತೆ ಹೋಗುವುದಿಲ್ಲ ಎಂದು ಒಪ್ಪಿಕೊಂಡೂ ಆಗಿತ್ತು. ಅವರ ಆ ಮೊದಲ ಗೆಲುವು ಫೋಟೋ ಮುದ್ರಿಸುವ ಕಾಗದ. ಅದರ ಬಗ್ಗೆ ನಮ್ಮ ವಾರ್ತಾಪತ್ರಿಕೆಯ ಓದುಗರಿಗೆ ಹೇಳಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ.

ಬೇಕ್‌ಲ್ಯಾಂಡ್ ಹುಟ್ಟಿದ್ದು 1863ರ ನವೆಂಬರ್ 14ರಂದು, ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ. ತಂದೆ ಚಪ್ಪಲಿ ಹೊಲಿಯುವವರು, ತಾಯಿ ಮನೆಗೆಲಸದವರು. ಮಗ ಓದಬೇಕು ಎಂಬ ಹಟ ತಾಯಿಯದು. ಹುಡುಗ ಸಂಜೆ ತರಗತಿಗಳಿಗೆ ಹೋಗಿ ರಸಾಯನಶಾಸ್ತ್ರ ಕಲಿತ. ಫೋಟೋಗ್ರಫಿಯ ಹುಚ್ಚೂ ಆಗಲೇ ಹಿಡಿದಿತ್ತು. ಫೋಟೋಗೆ ಬೇಕಾದ ಸಿಲ್ವರ್ ನೈಟ್ರೇಟ್ ಕೊಳ್ಳಲು ಹಣವಿರಲಿಲ್ಲ. ಆಗ ತಂದೆ ಕೊಟ್ಟಿದ್ದ ಗಡಿಯಾರದ ಬೆಳ್ಳಿ ಸರಪಳಿಯನ್ನೇ ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅದನ್ನು ತಯಾರಿಸಿಕೊಂಡ ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಬೆಳ್ಳಿಯೊಡನೆ ಬೆರೆತ ತಾಮ್ರವನ್ನು ಬೇರ್ಪಡಿಸುವುದನ್ನೂ ಅವನೇ ಕಲಿಯಬೇಕಾಯಿತು. ನಾವು ಲ್ಯಾಬಿನಲ್ಲಿ ಮಾಡುವ ಲವಣ ವಿಶ್ಲೇಷಣೆಯಂಥ ಕೆಲಸವೇ ಇದು. ವ್ಯತ್ಯಾಸ ಇಷ್ಟೇ, ನಮ್ಮ ಪರೀಕ್ಷಾ ನಳಿಕೆಯಲ್ಲಿ ನಮ್ಮ ಮನೆಯ ಆಸ್ತಿ ಕರಗಿರುವುದಿಲ್ಲ.

ಮುಂದಿನ ಓದು ನಗರದ ವಿದ್ಯಾರ್ಥಿವೇತನದಿಂದ ನಡೆಯಿತು. 1880ರಲ್ಲಿ ಗೆಂಟ್ ವಿಶ್ವವಿದ್ಯಾಲಯ ಸೇರಿದ ಬೇಕ್‌ಲ್ಯಾಂಡ್ 1884ರಲ್ಲಿ ಉನ್ನತ ದರ್ಜೆಯಲ್ಲಿ ಡಾಕ್ಟರೇಟ್ ಪಡೆದು, ಅಲ್ಲಿಯೇ ಅಧ್ಯಾಪಕರಾದರು. 1889ರಲ್ಲಿ ತಮ್ಮ ಗುರು ಥಿಯೋಡೋರ್ ಸ್ವಾರ್ಟ್ಸ್ ಅವರ ಮಗಳು ಸೆಲಿನ್ ಅವರನ್ನು ಮದುವೆಯಾದರು. ಅದೇ ವರ್ಷ ಪ್ರವಾಸ ವೇತನದ ಮೇಲೆ ನ್ಯೂಯಾರ್ಕಿಗೆ ಹೋದವರು ಅಲ್ಲಿಯೇ ಉಳಿದುಬಿಟ್ಟರು. ಊರಿನಲ್ಲಿ ಕಾಯುತ್ತಿದ್ದ ಪ್ರಾಧ್ಯಾಪಕ ಹುದ್ದೆಯನ್ನು ಬಿಟ್ಟು, ಫೋಟೋ ಸಾಮಗ್ರಿ ತಯಾರಿಸುವ ಆಂಟನಿ ಕಂಪನಿಯಲ್ಲಿ ಕೆಲಸಕ್ಕೆ ಸೇರಿದರು. ಎರಡು ವರ್ಷಗಳ ನಂತರ ಆ ಕೆಲಸವನ್ನೂ ಬಿಟ್ಟು ಸ್ವಂತವಾಗಿ ಸಲಹೆಗಾರರಾದರು.

ಅಲ್ಲಿಂದ ಕಷ್ಟಕಾಲ. ಒಂದೇ ಸಮಯಕ್ಕೆ ಹತ್ತಾರು ಸಂಶೋಧನೆಗಳ ಬೆನ್ನು ಹತ್ತಿದರು, ಯಾವುದೂ ಮುಗಿಯಲಿಲ್ಲ. ಆರೋಗ್ಯ ಕೆಟ್ಟಿತು, ಕೈಯಲ್ಲಿದ್ದ ಹಣ ಖಾಲಿಯಾಯಿತು. ಹಾಸಿಗೆ ಹಿಡಿದು ಮಲಗಿದ್ದಾಗ ಅವರು ಒಂದು ನಿರ್ಧಾರಕ್ಕೆ ಬಂದರು. ಎಲ್ಲವನ್ನೂ ಬದಿಗಿಟ್ಟು, ಬೇಗ ಫಲ ಕೊಡಬಲ್ಲ ಒಂದೇ ಕೆಲಸ ಹಿಡಿಯಬೇಕು. ಅವರು ಹಿಡಿದದ್ದು ಫೋಟೋ ಕಾಗದ. 1893ರಲ್ಲಿ ಲಿಯೊನಾರ್ಡ್ ಜಾಕೋಬಿ ಎಂಬವರ ಜೊತೆಗೂಡಿ ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿ ನೆಪೆರಾ ಕೆಮಿಕಲ್ ಕಂಪನಿ ಆರಂಭಿಸಿದರು. ಅವರ ಕಾಗದದ ಹೆಸರು ವೆಲಾಕ್ಸ್.

ಇದರಲ್ಲಿ ಹೊಸದೇನಿತ್ತು? ಆಗ ಹೆಚ್ಚಿನವರು ನೆಗೆಟಿವ್ ಕೆಳಗೆ ಕಾಗದ ಇಟ್ಟು ಬಿಸಿಲಿಗೆ ಹಿಡಿದು ಚಿತ್ರ ಮುದ್ರಿಸುತ್ತಿದ್ದರು. ಮೋಡ ಕವಿದರೆ ಕೆಲಸ ನಿಲ್ಲುತ್ತಿತ್ತು. ಬ್ರೋಮೈಡ್ ಕಾಗದವೂ ಇತ್ತು, ಆದರೆ ಅದು ತುಂಬಾ ಚುರುಕು. ಅದಕ್ಕೆ ಸರಿಯಾದ ಕತ್ತಲೆ ಕೋಣೆಯೇ ಬೇಕು. ಸಿಲ್ವರ್ ಕ್ಲೋರೈಡ್ ಬಳಸಿದ ವೆಲಾಕ್ಸ್ ನಿಧಾನದ ಕಾಗದ. ಅದು ನೀಲಿ, ನೇರಳೆ ಬೆಳಕಿಗೆ ಮಾತ್ರ ಸ್ಪಂದಿಸುತ್ತದೆ. ಗ್ಯಾಸ್ ದೀಪದ ಹಳದಿ ಬೆಳಕಿನಲ್ಲಿ ನೀಲಿಯ ಪಾಲು ಕಡಿಮೆ. ಹಾಗಾಗಿ ದೀಪದ ಹತ್ತಿರ ಹಿಡಿದರೆ ಚಿತ್ರ ಅಚ್ಚಾಗುತ್ತಿತ್ತು, ದೀಪ ತಗ್ಗಿಸಿ ಕೆಲವು ಹೆಜ್ಜೆ ದೂರ ನಿಂತು ಅದೇ ಕೋಣೆಯಲ್ಲಿ ಡೆವಲಪ್ ಮಾಡಬಹುದಿತ್ತು. ದೂರ ಹತ್ತು ಪಟ್ಟಾದರೆ ಬೆಳಕು ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ನಿಯಮ ನಮಗೂ ಗೊತ್ತು. ಬೇಕ್‌ಲ್ಯಾಂಡ್ ಆ ನಿಯಮವನ್ನು ಜನರ ಅಡುಗೆಮನೆಗೆ ತಂದರು. ಬಿಸಿಲಿನಲ್ಲಿ ಮುದ್ರಿಸಿ ಅಭ್ಯಾಸವಾಗಿದ್ದ ವೃತ್ತಿಪರರು ಮೊದಮೊದಲು ಹಿಂಜರಿದರು. ಹವ್ಯಾಸಿಗಳು ಮಾತ್ರ ಬೇಗ ಒಪ್ಪಿಕೊಂಡರು.

ಈ ವಿಷಯ ನನಗೆ ಪುಸ್ತಕದಿಂದ ಪೂರ್ತಿ ಅರ್ಥವಾಗಿರಲಿಲ್ಲ. ಅರ್ಥವಾದದ್ದು ನನ್ನ ಮಾಮುವಿನ ಸ್ಟುಡಿಯೋದಲ್ಲಿ. ಅವರ ಡಾರ್ಕ್ ರೂಂ ಈಗ ಹೆಚ್ಚುಕಡಿಮೆ ಸಾಮಾನಿನ ಕೋಣೆ. ಆದರೂ ಎನ್‌ಲಾರ್ಜರ್, ಟ್ರೇಗಳು, ಕೆಂಪು ಬಲ್ಬು ಎಲ್ಲ ಹಾಗೇ ಇವೆ. ಮುಚ್ಚಿಹೋದ ಒಂದು ಲ್ಯಾಬಿನಿಂದ ಅವರಿಗೆ ಕಪ್ಪು-ಬಿಳುಪು ಡಿಜಿಟಲ್ ಕಾಗದದ ಪೆಟ್ಟಿಗೆಯೊಂದು ಸಿಕ್ಕಿತ್ತು. ಕಂಪ್ಯೂಟರಿನಲ್ಲಿರುವ ಚಿತ್ರವನ್ನು ಕೆಂಪು, ಹಸಿರು, ನೀಲಿ ಲೇಸರ್‌ಗಳಿಂದ ಬರೆಯುವ ಯಂತ್ರಕ್ಕಾಗಿ ತಯಾರಾದ ಕಾಗದ ಅದು. ಅದರ ಮೇಲಿರುವುದು ಮಾಮೂಲಿ ಬೆಳ್ಳಿಯ ಲೇಪನವೇ, ಡೆವಲಪರ್ ಮತ್ತು ಫಿಕ್ಸರ್ ಕೂಡ ಮಾಮೂಲಿನವೇ ಸಾಕು. ಆದರೆ ಅದಕ್ಕೆ ಎಲ್ಲ ಬಣ್ಣಗಳೂ ಕಾಣುತ್ತವೆ, ಕೆಂಪು ಸಹ.

ಮಾಮು ಅದನ್ನು ಒಂದು ನಾಣ್ಯದಿಂದ ತೋರಿಸಿದರು. ಹಳೆಯ ಕಾಗದದ ಒಂದು ತುಂಡು, ಹೊಸ ಕಾಗದದ ಒಂದು ತುಂಡು. ಎರಡರ ಮೇಲೂ ಒಂದೊಂದು ನಾಣ್ಯ ಇಟ್ಟು ಕೆಂಪು ಬಲ್ಬಿನ ಕೆಳಗೆ ಐದು ನಿಮಿಷ ಬಿಟ್ಟರು. ಡೆವಲಪ್ ಮಾಡಿದಾಗ ಹಳೆಯ ತುಂಡು ಬೆಳ್ಳಗೇ ಉಳಿಯಿತು. ಹೊಸದು ಕಪ್ಪಾಗಿ, ನಾಣ್ಯ ಇದ್ದಲ್ಲಿ ಮಾತ್ರ ಬಿಳಿ ವೃತ್ತ ಕಾಣಿಸಿತು. ಆಮೇಲೆ ಕೆಂಪು ಬಲ್ಬು ಆರಿಸಿ ಪೂರ್ತಿ ಕತ್ತಲೆಯಲ್ಲಿ ಕೆಲಸ ಮಾಡಿದೆವು. ಚೌಕಟ್ಟು ಮತ್ತು ಫೋಕಸ್ ಎರಡನ್ನೂ ಬಿಳಿ ಹಾಳೆಯ ಮೇಲೆ ಮೊದಲೇ ಹೊಂದಿಸಿಕೊಂಡೆವು. ಎನ್‌ಲಾರ್ಜರಿನ ಕೆಂಪು ಫಿಲ್ಟರೂ ಇಲ್ಲಿ ಕೆಲಸಕ್ಕೆ ಬಾರದು. ಟ್ರೇಗಳ ಸಾಲನ್ನು ಕೈಯಿಂದ ಮುಟ್ಟಿ ನೆನಪಿಟ್ಟುಕೊಂಡೆವು. ಮೊಬೈಲ್ ಹೊರಗೆ, ಸೆಕೆಂಡುಗಳನ್ನು ಮಾಮು ಬಾಯಲ್ಲೇ ಎಣಿಸಿದರು. ಫಿಕ್ಸರಿನಲ್ಲಿ ಸಮಯ ಮುಗಿದ ಮೇಲೆಯೇ ದೀಪ ಹಾಕಿದ್ದು.

ಮುದ್ರಿಸಿದ್ದು ಹಳೆಯ ಬಣ್ಣದ ನೆಗೆಟಿವ್ ಒಂದನ್ನು, ನನ್ನ ನಾನಿ ಕೆಂಪು ದುಪಟ್ಟಾ ಹೊದ್ದು ಕುಳಿತಿರುವ ಚಿತ್ರ. ಮಾಮೂಲಿ ಕಾಗದದಲ್ಲಿ ಆ ದುಪಟ್ಟಾ ಹೆಚ್ಚುಕಡಿಮೆ ಕಪ್ಪಾಗಿ ಬಂದಿತ್ತು. ಈ ಕಾಗದದಲ್ಲಿ ಅದು ಹದವಾದ ಬೂದು ಬಣ್ಣಕ್ಕೆ ಬಂದು, ಅಂಚಿನ ಕಸೂತಿ ಕಾಣಿಸಿತು. ಹೆಚ್ಚು ನೋಡಬಲ್ಲ ಕಾಗದಕ್ಕೆ ಹೆಚ್ಚು ಕತ್ತಲೆ ಬೇಕು, ಕಡಿಮೆ ನೋಡುವ ಕಾಗದ ದೀಪದ ಕೋಣೆಯಲ್ಲೂ ಒದಗುತ್ತದೆ. ವೆಲಾಕ್ಸ್ ಕಡಿಮೆ ನೋಡುತ್ತಿತ್ತು. ಆ ಕೊರತೆಯನ್ನೇ ಬೇಕ್‌ಲ್ಯಾಂಡ್ ಬಡವರ ಅನುಕೂಲವಾಗಿ ಮಾಡಿದ್ದರು.

1899ರಲ್ಲಿ ಕೊಡಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ ನೆಪೆರಾ ಕಂಪನಿಯನ್ನು ಕೊಂಡರು. ಬೆಲೆ 7,50,000 ಡಾಲರ್ ಎಂದು ದಾಖಲಾಗಿದೆ. ಅದರ ಜೊತೆಗೆ ಒಂದು ಷರತ್ತೂ ಇತ್ತು: ಬೇಕ್‌ಲ್ಯಾಂಡ್ ಮುಂದಿನ 20 ವರ್ಷ ಫೋಟೋಗ್ರಫಿಯಲ್ಲಿ ಸಂಶೋಧನೆ ಮಾಡಬಾರದು. ಬೆಳ್ಳಿ ಸರಪಳಿ ಕರಗಿಸಿದ ದಿನದಿಂದ ಪ್ರೀತಿಸಿದ ವಿದ್ಯೆಯ ಬಾಗಿಲು ಅಲ್ಲಿಗೆ ಮುಚ್ಚಿತು. ಕುಳಿತು ತಿನ್ನುವಷ್ಟು ಹಣವಿತ್ತು. ಅವರು ಕುಳಿತುಕೊಳ್ಳಲಿಲ್ಲ. 1900ರಲ್ಲಿ ಜರ್ಮನಿಗೆ ಹೋಗಿ ವಿದ್ಯುತ್ ರಸಾಯನಶಾಸ್ತ್ರವನ್ನು ಮತ್ತೆ ವಿದ್ಯಾರ್ಥಿಯಂತೆ ಕಲಿತರು. ಮರಳಿ ಬಂದು ಯಾಂಕರ್ಸ್‌ನ ಮನೆಯಲ್ಲೇ ಪ್ರಯೋಗಾಲಯ ಮಾಡಿಕೊಂಡರು.

ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಬೆರೆಸಿದಾಗ ಪಾತ್ರೆಗೆ ಅಂಟಿಕೊಳ್ಳುವ ಗಟ್ಟಿ ಪದಾರ್ಥ ಇತರ ವಿಜ್ಞಾನಿಗಳಿಗೆ ತಲೆನೋವಾಗಿತ್ತು. ಬೇಕ್‌ಲ್ಯಾಂಡ್ ಶಾಖ ಮತ್ತು ಒತ್ತಡವನ್ನು ಹತೋಟಿಯಲ್ಲಿಟ್ಟು ಅದನ್ನು ಬೇಕಾದ ಆಕಾರಕ್ಕೆ ಎರಕ ಹೊಯ್ಯುವ ದಾರಿ ಕಂಡುಕೊಂಡರು. 1907ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1909ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಅದನ್ನು ಪ್ರಕಟಿಸಿದರು. ಟೆಲಿಫೋನು, ರೇಡಿಯೋ, ಸ್ವಿಚ್ಚು ಎಲ್ಲವೂ ಬೇಕಲೈಟ್‌ನಿಂದ ಬಂದವು. ಕೊಡಕ್ ಕಂಪನಿಯೇ 1934ರಲ್ಲಿ ಬೇಬಿ ಬ್ರೌನಿ ಎಂಬ ಕ್ಯಾಮೆರಾವನ್ನು ಬೇಕಲೈಟ್‌ನಲ್ಲಿ ತಯಾರಿಸಿತು. ಮಾಮುವಿನ ಹಳೆಯ ಫಿಲ್ಮ್ ತೊಳೆಯುವ ಡಬ್ಬಿಯೂ ಬೇಕಲೈಟಿನದೇ. ಹೊರಗೆ ಕಳುಹಿಸಿದ ಮನುಷ್ಯ ಇನ್ನೊಂದು ಬಾಗಿಲಿನಿಂದ ಡಾರ್ಕ್ ರೂಮಿಗೆ ಬಂದಿದ್ದರು.

1939ರಲ್ಲಿ ಅವರ ಕಂಪನಿ ಯೂನಿಯನ್ ಕಾರ್ಬೈಡ್ ಪಾಲಾಯಿತು. 1944ರ ಫೆಬ್ರವರಿ 23ರಂದು, 80ನೆಯ ವಯಸ್ಸಿನಲ್ಲಿ, ಅವರು ನ್ಯೂಯಾರ್ಕ್ ರಾಜ್ಯದ ಬೀಕನ್‌ನಲ್ಲಿ ತೀರಿಕೊಂಡರು.

ಪಿಯುಸಿ ಮುಗಿಯುತ್ತಾ ಬಂದಿದೆ. ಬಯಸಿದ ಸೀಟು ಸಿಗದಿದ್ದರೆ ಏನು ಮಾಡುವುದು ಎಂಬ ಚಿಂತೆ ನನ್ನ ತರಗತಿಯ ಅರ್ಧದಷ್ಟು ಜನರಿಗಿದೆ, ನನಗೂ ಇದೆ. ಬೇಕ್‌ಲ್ಯಾಂಡ್ ಬದುಕಿನಲ್ಲಿ ಅದಕ್ಕೆ ಸಿದ್ಧ ಉತ್ತರವಿಲ್ಲ. ಆದರೆ ಒಂದು ಬಾಗಿಲಿನ ಒಳಗೆ ಕಲಿತದ್ದು ಆ ಬಾಗಿಲು ಮುಚ್ಚಿದ ಮೇಲೂ ಕೈಯಲ್ಲೇ ಉಳಿಯುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಮಾಮುವಿನ ಪೆಟ್ಟಿಗೆಯಲ್ಲಿ ಇನ್ನೂ ಹದಿನೈದು ಹಾಳೆ ಉಳಿದಿವೆ. ನಾಣ್ಯದ ಪ್ರಯೋಗವನ್ನು ಕಣ್ಣಾರೆ ನೋಡಬೇಕೆನ್ನುವವರು ನನಗೆ ಹೇಳಿ, ಒಂದು ಭಾನುವಾರ ಕೂಡಿ ಹೋಗೋಣ.