ಕಳಿಂಗದ ನಂತರ ಅಶೋಕ ಮಾಡಿದ್ದೇನು?

 

ಈ ಸಲ ಅಶೋಕ ಚಕ್ರವರ್ತಿಯ ಬಗ್ಗೆ ಬರೆಯುತ್ತಿದ್ದೇನೆ. ಶಾಲೆಯಲ್ಲಿ ನಾವೆಲ್ಲ ಓದಿದ್ದು ಇಷ್ಟೇ: ಯುದ್ಧ ಮಾಡಿದ, ಪಶ್ಚಾತ್ತಾಪಪಟ್ಟ, ಬದಲಾದ. ಪರೀಕ್ಷೆಗೆ ಅದು ಸಾಕು. ಆದರೆ ಪಶ್ಚಾತ್ತಾಪಪಟ್ಟವನು ಮಾರನೇ ದಿನದಿಂದ ಏನು ಮಾಡಬೇಕು ಅನ್ನೋದು ಅದರಲ್ಲಿ ಇಲ್ಲ.

ಪಟ್ಟಕ್ಕೆ ಬಂದು 8 ವರ್ಷವಾದ ಮೇಲೆ, ಕ್ರಿ.ಪೂ. 261ರ ಸುಮಾರಿಗೆ, ಅಶೋಕ ಇಂದಿನ ಒಡಿಶಾ ಭಾಗದ ಕಳಿಂಗವನ್ನು ಗೆದ್ದ. 1 ಲಕ್ಷ ಜನ ಹತರಾದರು. 1.5 ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಿದರು. ಇದರ ಎಷ್ಟೋ ಪಟ್ಟು ಜನ ಬೇರೆ ಕಾರಣಗಳಿಂದ ಸತ್ತರು. ಈ ಲೆಕ್ಕ ಕೊಟ್ಟವರು ಸೋತವರಲ್ಲ. ಗೆದ್ದ ರಾಜನೇ ತನ್ನ 13ನೇ ಬಂಡೆಶಾಸನದಲ್ಲಿ ಕೆತ್ತಿಸಿದ. ತಾವು ಉಳಿದರೂ ಬಂಧುಗಳನ್ನು, ಸ್ನೇಹಿತರನ್ನು ಕಳೆದುಕೊಂಡವರ ಸಂಕಟವನ್ನೂ ಅದರಲ್ಲಿ ಸೇರಿಸಿದ.

ನಾನು ಐಟಿ ಸಪೋರ್ಟ್ ಕೆಲಸದವನು. ಟಿಕೆಟ್ ಕ್ಲೋಸ್ ಮಾಡುವ ಮುಂಚೆ ಸಮಸ್ಯೆಗೆ ಮೂಲ ಕಾರಣ ಏನು ಅಂತ ಬರೆಯಬೇಕು. ಅಲ್ಲಿ ಹೆಚ್ಚಾಗಿ ಕಾಣೋದು ನೆಟ್‌ವರ್ಕ್, ಕರೆಂಟ್, ಇಲ್ಲವೇ ಬೇರೆ ಟೀಮಿನ ಹೆಸರು. ಅಶೋಕ ಆ ಜಾಗದಲ್ಲಿ ತನ್ನನ್ನೇ ಬರೆದುಕೊಂಡ. ಕೇಳುವವರು ಯಾರೂ ಇರಲಿಲ್ಲ, ಆದರೂ ಬರೆದ.

ಆಮೇಲೆ ದಿನಚರಿ ಬದಲಾಯಿತು. ಹಿಂದಿನ ರಾಜರು ಮೋಜಿಗೆ, ಬೇಟೆಗೆ ಯಾತ್ರೆ ಹೋಗುತ್ತಿದ್ದರು. ಈತ ಪಟ್ಟಾಭಿಷೇಕವಾಗಿ 10 ವರ್ಷಕ್ಕೆ ಬೋಧಗಯೆಗೆ ಹೋಗಿ ಧರ್ಮಯಾತ್ರೆ ಶುರು ಮಾಡಿದ. ಆ ಯಾತ್ರೆಯಲ್ಲಿ ಸಾಧುಗಳನ್ನು ನೋಡುವುದು, ವೃದ್ಧರಿಗೆ ನೆರವು ಕೊಡುವುದು, ಹಳ್ಳಿ ಜನರ ಜೊತೆ ಕೂತು ಮಾತಾಡುವುದು ಇತ್ತು. ತಾನು ಊಟ ಮಾಡುತ್ತಿದ್ದರೂ, ಅಂತಃಪುರದಲ್ಲಿದ್ದರೂ ಜನರ ವಿಷಯವನ್ನು ತಂದು ತಿಳಿಸಬೇಕು ಅಂತ ಅಧಿಕಾರಿಗಳಿಗೆ ಆಜ್ಞೆ ಮಾಡಿದ. ಅರಮನೆ ಅಡುಗೆಗೆ ಕೊಲ್ಲುತ್ತಿದ್ದ ಪ್ರಾಣಿಗಳ ಸಂಖ್ಯೆಯನ್ನು ಲಕ್ಷಗಳಿಂದ ಮೂರಕ್ಕೆ ಇಳಿಸಿದ: ಎರಡು ನವಿಲು, ಒಂದು ಜಿಂಕೆ. ಮುಂದೆ ಅವನ್ನೂ ನಿಲ್ಲಿಸುತ್ತೇನೆ ಅಂತ ತಿಳಿಸಿದ. ಪೂರ್ತಿ ಬಿಟ್ಟಿದ್ದೇನೆ ಅಂತ ಸುಳ್ಳು ಹೇಳಲಿಲ್ಲ, ಇದು ನನಗೆ ತುಂಬಾ ಇಷ್ಟವಾದ ವಿಷಯ.

ಇದನ್ನೆಲ್ಲ ಜನರಿಗೆ ಮುಟ್ಟಿಸಲು ಆತ ಹಿಡಿದದ್ದು ಬರವಣಿಗೆಯ ದಾರಿ. ಬಂಡೆ, ಕಂಬಗಳ ಮೇಲೆ ಪ್ರಾಕೃತದಲ್ಲಿ, ವಾಯವ್ಯದ ಕಡೆ ಗ್ರೀಕ್ ಮತ್ತು ಅರಮೈಕ್‌ನಲ್ಲೂ ಬರೆಸಿದ. ಓದು ಬಾರದವರಿಗೆ ಓದಿ ಹೇಳಿಸುವ ಏರ್ಪಾಡೂ ಇತ್ತು.

ಆದರೆ ಒಂದು ಮಾತು ಮುಚ್ಚಿಡಬಾರದು. ಕಳಿಂಗವನ್ನು ಆತ ವಾಪಸ್ ಕೊಡಲಿಲ್ಲ. ಅದೇ 13ನೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆಯೂ ಇದೆ. ಕಳಿಂಗದ ಧೌಲಿಯಲ್ಲಿ ಆ ಶಾಸನವನ್ನು ಕೆತ್ತಿಸಲೇ ಇಲ್ಲ. ಬದಲಿಗೆ ಅಲ್ಲಿನ ಅಧಿಕಾರಿಗಳಿಗೆ ಪ್ರತ್ಯೇಕ ಆಜ್ಞೆಗಳಿವೆ: ಪ್ರಜೆಗಳೆಲ್ಲ ನನ್ನ ಮಕ್ಕಳಿದ್ದಂತೆ, ಯಾರನ್ನೂ ಕಾರಣವಿಲ್ಲದೆ ಬಂಧಿಸಬಾರದು, ಹಿಂಸಿಸಬಾರದು ಎಂಬ ಅರ್ಥದವು. ನೊಂದವರ ಮುಂದೆ ತನ್ನ ದುಃಖ ಹೇಳಿಕೊಳ್ಳುವುದಕ್ಕಿಂತ ಅವರಿಗೆ ರಕ್ಷಣೆ ಕೊಡುವುದು ಮೇಲು ಅಂದುಕೊಂಡನೋ, ಅಥವಾ ಹೇಳಲು ಧೈರ್ಯ ಸಾಲಲಿಲ್ಲವೋ, ನೀವೇ ಯೋಚಿಸಿ. ನನಗೆ ಎರಡೂ ಇರಬಹುದು ಅನ್ನಿಸುತ್ತದೆ.

ಅಶೋಕ ನಮ್ಮಿಂದ ದೂರ ಇಲ್ಲ ಸ್ವಾಮಿ. ಧರ್ಮಯಾತ್ರೆಯ ವಿಷಯವಿರುವ 8ನೇ ಶಾಸನದ ತುಂಡು 1882ರಲ್ಲಿ ಮುಂಬೈ ಪಕ್ಕದ ಸೋಪಾರಾದಲ್ಲಿ ಸಿಕ್ಕಿತು. ದೆಹಲಿಯವರಿಗೆ ಕಾಲ್ಕಾಜಿ ಹತ್ತಿರವೇ ಒಂದು ಬಂಡೆಶಾಸನವಿದೆ. ಅಶೋಕ ಎಂಬ ಹೆಸರನ್ನೇ ತೋರಿಸಿಕೊಟ್ಟದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಧೌಲಿಯ ಆ ಪ್ರತ್ಯೇಕ ಆಜ್ಞೆಗಳೇ ಸಿಕ್ಕಿವೆ. ಊರಿಗೆ ಹೋದಾಗ ಒಮ್ಮೆ ನೋಡಿ ಬನ್ನಿ.

ವ್ರತದ ದಿನಗಳಲ್ಲಿ ನಾವೂ ಹಿಂದಿನದನ್ನು ನೆನೆದು ಮನಸ್ಸು ಭಾರ ಮಾಡಿಕೊಳ್ಳುತ್ತೇವೆ. ಆ ಭಾರದಿಂದ ಮಾಲೆ ತೆಗೆದ ಮರುದಿನ ಯಾರಿಗೆ ಏನು ಉಪಯೋಗವಾಯಿತು? ಅದನ್ನು ಒಂದು ಸಾಲಿನಲ್ಲಾದರೂ ಬರೆದಿಡೋಣ.

ಸ್ವಾಮಿ ಶರಣಂ.