ಮರಿಯಾ ಮಾಂಟೆಸ್ಸರಿ

ಮರಿಯಾ ಮಾಂಟೆಸ್ಸರಿ (31 ಆಗಸ್ಟ್ 1870 – 6 ಮೇ 1952) ಇಟಲಿಯ ವೈದ್ಯೆ ಹಾಗೂ ಶಿಕ್ಷಣತಜ್ಞೆ. ಶಿಶುವು ತನ್ನ ಕೈಗಳಿಂದ ಮುಟ್ಟಿ, ಹಿಡಿದು, ಸವರಿ ಲೋಕವನ್ನು ಅರಿಯುತ್ತದೆ ಎಂಬ ವಿಚಾರವನ್ನು ಶಿಕ್ಷಣ ಪದ್ಧತಿಯಾಗಿ ರೂಪಿಸಿದವರು. ಅವರು 1939ರಿಂದ 1949ರ ನಡುವಿನ ಬಹುಕಾಲವನ್ನು ಭಾರತದಲ್ಲಿ ಕಳೆದರು.

ಆರಂಭಿಕ ಜೀವನ

ಇಟಲಿಯ ಕಿಯಾರವಾಲೆಯಲ್ಲಿ ಜನಿಸಿದ ಅವರು 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. 1898ರಲ್ಲಿ ಮಗ ಮಾರಿಯೋ ಜನಿಸಿದನು. ಅವಿವಾಹಿತರಾಗಿದ್ದ ಕಾರಣ ಮಗುವನ್ನು ಬೇರೊಂದು ಕುಟುಂಬದ ಆರೈಕೆಗೆ ಒಪ್ಪಿಸಬೇಕಾಯಿತು. ಮುಂದೆ ಮಾರಿಯೋ ತಾಯಿಯ ಪ್ರಮುಖ ಸಹಾಯಕರಾದರು.

ಸ್ಪರ್ಶ ಮತ್ತು ಕಲಿಕೆ

ವೈದ್ಯೆಯಾಗಿ ಬುದ್ಧಿಮಾಂದ್ಯ ಮಕ್ಕಳ ಆರೈಕೆಯಲ್ಲಿ ತೊಡಗಿದ್ದಾಗ, ಆಟಿಕೆಗಳೇ ಇಲ್ಲದ ಬರಿದಾದ ಕೋಣೆಯಲ್ಲಿ ಮಕ್ಕಳು ನೆಲದ ಮೇಲಿನ ರೊಟ್ಟಿಯ ಚೂರುಗಳಿಗಾಗಿ ತಡಕಾಡುವುದನ್ನು ಅವರು ಗಮನಿಸಿದರೆಂದು ಜೀವನಚರಿತ್ರೆಕಾರರು ತಿಳಿಸುತ್ತಾರೆ. ಆ ಮಕ್ಕಳ ಹಸಿವು ಅನ್ನದ್ದಲ್ಲ, ಕೈಗೆ ಕೆಲಸವಿಲ್ಲದ ಕೊರತೆ ಎಂದು ಅವರು ಅರ್ಥೈಸಿದರು. ಫ್ರಾನ್ಸಿನ ಇಟಾರ್ ಮತ್ತು ಸೆಗ್ಯಾನ್ ಅವರ ಬರಹಗಳು ಈ ಚಿಂತನೆಗೆ ಆಧಾರವಾದವು.

1907ರ ಜನವರಿ 6ರಂದು ರೋಮ್ ನಗರದ ಬಡವರ ಬಡಾವಣೆಯಾದ ಸ್ಯಾನ್ ಲೊರೆಂಜೊದಲ್ಲಿ ಮೊದಲ 'ಮಕ್ಕಳ ಮನೆ' ಆರಂಭವಾಯಿತು. ಅಲ್ಲಿ ಮಕ್ಕಳು ಒರಟು ಹಾಗೂ ನುಣುಪು ಹಲಗೆಗಳನ್ನು ಸವರುತ್ತಿದ್ದರು. ಕಣ್ಣು ಕಟ್ಟಿಕೊಂಡು ಬಟ್ಟೆಯ ತುಂಡುಗಳನ್ನು ಜೋಡಿಸುತ್ತಿದ್ದರು. ಮರಳುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿ ಬರಹಕ್ಕೆ ಸಿದ್ಧರಾಗುತ್ತಿದ್ದರು.

ಭಾರತದಲ್ಲಿ

ಫ್ಯಾಸಿಸ್ಟ್ ಆಡಳಿತದೊಡನೆ ಭಿನ್ನಾಭಿಪ್ರಾಯ ಉಂಟಾಗಿ 1934ರಲ್ಲಿ ಅವರು ಇಟಲಿಯನ್ನು ತೊರೆದರು. 1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರ ತರಬೇತಿಯನ್ನು ಆರಂಭಿಸಿದರು. 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರವು ಮಾರಿಯೋ ಅವರನ್ನು ಬಂಧಿಸಿ, ಮಾಂಟೆಸ್ಸರಿಯವರ ಸಂಚಾರವನ್ನು ನಿರ್ಬಂಧಿಸಿತು. ಅವರ 70ನೆಯ ಹುಟ್ಟುಹಬ್ಬದಂದು ಮಗನ ಬಿಡುಗಡೆಯಾಯಿತು. ಬಳಿಕ ಅವರು ಕೊಡೈಕನಾಲಿನಲ್ಲಿಯೂ ಕೆಲಸ ಮಾಡಿದರು.

ಈ ಅವಧಿಯಲ್ಲಿ ಅವರ ಗಮನ ಹುಟ್ಟಿನಿಂದ 3 ವರ್ಷದವರೆಗಿನ ಶಿಶುಗಳ ಕಡೆಗೆ ಹೊರಳಿತು. ತಾಯಿಯ ಮೈಗೆ ಅಂಟಿಕೊಂಡು ಎಲ್ಲೆಡೆ ಸಾಗುವ ಮಗುವು ಸುತ್ತಲಿನ ಬದುಕನ್ನು ತಾನಾಗಿಯೇ ಹೀರಿಕೊಳ್ಳುತ್ತದೆ. ಕೈಯಿಂದ ಹಿಡಿಯಲಾರಂಭಿಸಿದಾಗ ಆ ಗ್ರಹಿಕೆ ಅರಿವಾಗಿ ಬೆಳೆಯುತ್ತದೆ ಎಂಬುದು ಅವರ ನಿಲುವು. ಭಾರತದ ಉಪನ್ಯಾಸಗಳನ್ನು ಆಧರಿಸಿದ 'ದಿ ಅಬ್ಸಾರ್ಬೆಂಟ್ ಮೈಂಡ್' ಕೃತಿ 1949ರಲ್ಲಿ ಪ್ರಕಟವಾಯಿತು.

ನಿಧನ ಮತ್ತು ಪ್ರಭಾವ

ಅವರು 1952ರಲ್ಲಿ ನೆದರ್ಲೆಂಡ್ಸ್‌ನ ನೋರ್ಡ್‌ವೈಕ್‌ನಲ್ಲಿ ನಿಧನರಾದರು. ಕರ್ನಾಟಕದಲ್ಲಿ ಬೆಂಗಳೂರಿನ ಇಂಡಿಯನ್ ಮಾಂಟೆಸ್ಸರಿ ಸೆಂಟರ್ ಈ ಪದ್ಧತಿಯಲ್ಲಿ ಶಿಕ್ಷಕರಿಗೆ ತರಬೇತಿ ನೀಡುತ್ತದೆ.