ತನಗೆ ತಾನೇ ಗುರುವಾದ ಫ್ರಾಂಕ್ಲಿನ್

ಆರಂಭಶೂರತ್ವವೆಂಬುದು ವಿದ್ಯಾರ್ಥಿಕುಲದ ಹಳೆಯ ರೋಗ. ಕಾಲೇಜು ತೆರೆದ ವಾರ ಉತ್ಸಾಹದಿಂದ ಬರೆದು ಗೋಡೆಗೆ ಅಂಟಿಸಿದ ವೇಳಾಪಟ್ಟಿಯು ಹಬ್ಬದ ರಜೆ ಬರುವಷ್ಟರಲ್ಲಿ ಧೂಳು ಹಿಡಿದಿರುತ್ತದೆ. ಈ ರೋಗಕ್ಕೆ ಮದ್ದು ಹುಡುಕಿದವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನಷ್ಟು ಲೆಕ್ಕಾಚಾರದ ಮನುಷ್ಯನನ್ನು ನಾನು ಕಾಣೆ. ಮಿಂಚಿಗೂ ವಿದ್ಯುತ್ತಿಗೂ ಇರುವ ನಂಟನ್ನು ತೋರಿಸಿದ ವಿಜ್ಞಾನಿಯೆಂದೂ, 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದವರಲ್ಲೊಬ್ಬನೆಂದೂ ಅವನನ್ನು ಎಲ್ಲರೂ ಬಲ್ಲರು. ನಾನು ಹೇಳಹೊರಟಿರುವುದು ಅವನು ತನಗೆ ತಾನೇ ಮೇಷ್ಟರಾದ ಕಥೆಯನ್ನು.

ಅವನು ಹುಟ್ಟಿದ್ದು 1706ರ ಜನವರಿ 17ರಂದು, ಬೋಸ್ಟನ್ ನಗರದಲ್ಲಿ. ತಂದೆಯದು ಸಾಬೂನು, ಮೇಣದಬತ್ತಿ ಮಾಡುವ ಕಸುಬು. ಮನೆ ತುಂಬ ಮಕ್ಕಳು. ಹತ್ತನೆಯ ವಯಸ್ಸಿಗೆ ಶಾಲೆ ಮುಗಿಯಿತು. ಗಣಿತದಲ್ಲಂತೂ ಹುಡುಗ ಎರಡು ಬಾರಿ ಸೋತಿದ್ದ. ಹನ್ನೆರಡಕ್ಕೆ ಅಣ್ಣನ ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಸೇರಿದ. ಹದಿನಾರರ ಹೊತ್ತಿಗೆ ಮಾಂಸವನ್ನು ಬಿಟ್ಟು, ಊಟದ ಖರ್ಚಿನಲ್ಲಿ ಅರ್ಧವನ್ನು ಉಳಿಸಿ, ಪುಸ್ತಕ ಕೊಳ್ಳತೊಡಗಿದ. ಸೋತಿದ್ದ ಗಣಿತವನ್ನು ಯಾರ ನೆರವೂ ಇಲ್ಲದೆ ಆಗಲೇ ಕಲಿತದ್ದು.

ಬರವಣಿಗೆಯನ್ನು ಅವನು ಕಲಿತ ಬಗೆ ಇನ್ನೂ ಸ್ವಾರಸ್ಯವಾಗಿದೆ. ಲಂಡನ್ನಿನ ಸ್ಪೆಕ್ಟೇಟರ್ ಪತ್ರಿಕೆಯ ಬಿಡಿ ಸಂಪುಟವೊಂದು ಅವನ ಕೈಗೆ ಬಂತು. ಅದರ ಪ್ರಬಂಧಗಳನ್ನು ಓದಿ, ವಾಕ್ಯವಾಕ್ಯದ ಸಾರವನ್ನು ಚುಟುಕಾಗಿ ಗುರುತು ಮಾಡಿಕೊಂಡು, ಕೆಲವು ದಿನ ಪಕ್ಕಕ್ಕಿಡುವನು. ಮೂಲ ಮರೆತ ಮೇಲೆ ಆ ಗುರುತುಗಳಿಂದಲೇ ಪ್ರಬಂಧವನ್ನು ಹೊಸದಾಗಿ ಬರೆದು, ಮೂಲದೊಡನೆ ಹೋಲಿಸಿ, ತಪ್ಪು ತಿದ್ದಿಕೊಳ್ಳುವನು. ಕೆಲವೊಮ್ಮೆ ಗುರುತಿನ ಚೀಟಿಗಳನ್ನು ಬೇಕೆಂದೇ ಕಲಸಿಟ್ಟು, ವಾರಗಳ ನಂತರ ಕ್ರಮಕ್ಕೆ ತರುವನು. ತಿದ್ದಲು ಉಪಾಧ್ಯಾಯರಿಲ್ಲವೆಂಬ ಕೊರಗನ್ನು ಹೀಗೆ ನೀಗಿಸಿಕೊಂಡ.

1723ರಲ್ಲಿ ಅಣ್ಣನೊಡನೆ ಜಗಳವಾಡಿ ಓಡಿಹೋದ ಹುಡುಗ, ಕೆಲವೇ ವರ್ಷಗಳಲ್ಲಿ ಫಿಲಡೆಲ್ಫಿಯದಲ್ಲಿ ಸ್ವಂತ ಅಚ್ಚುಕೂಟದ, ಪತ್ರಿಕೆಯ ಯಜಮಾನನಾದ. ಅಲ್ಲಿ ಯೌವನದಲ್ಲೇ ಒಂದು ವಿಚಿತ್ರವಾದ ಸಂಕಲ್ಪ ತೊಟ್ಟ: ತನ್ನಲ್ಲಿರುವ ದೋಷಗಳನ್ನೆಲ್ಲ ಗೆಲ್ಲಬೇಕು! ಹೊರಟ ಸ್ವಲ್ಪ ದಿನಕ್ಕೇ ಒಂದು ವಿಷಯ ತಿಳಿಯಿತು. ಒಂದು ದೋಷವನ್ನು ಕಾಯುತ್ತ ಕುಳಿತರೆ ಇನ್ನೊಂದು ಹಿಂಬಾಗಿಲಿನಿಂದ ಬರುತ್ತದೆ. ಆದ್ದರಿಂದ ಮಿತಾಹಾರ, ಮೌನ, ಕ್ರಮ, ದೃಢಸಂಕಲ್ಪ, ಮಿತವ್ಯಯ ಮೊದಲಾದ ಹನ್ನೆರಡು ಗುಣಗಳನ್ನು ಬರೆದುಕೊಂಡ. ನೀನು ಗರ್ವಿಷ್ಠನೆಂದು ಸ್ನೇಹಿತನೊಬ್ಬನು ಎಚ್ಚರಿಸಿದ ಮೇಲೆ ವಿನಯವನ್ನೂ ಸೇರಿಸಿ ಹದಿಮೂರು ಮಾಡಿದ.

ಒಂದು ಪುಟ್ಟ ಪುಸ್ತಕ. ಗುಣಕ್ಕೊಂದು ಪುಟ, ಪುಟದ ಮೇಲೆ ಕೆಂಪು ಗೆರೆಗಳು, ವಾರದ ಏಳು ದಿನಕ್ಕೆ ಏಳು ಕಂಬ, ಹದಿಮೂರು ಸಾಲು. ರಾತ್ರಿ ಕುಳಿತು ಆ ದಿನದ ತಪ್ಪಿಗೊಂದರಂತೆ ಕಪ್ಪು ಚುಕ್ಕೆ ಇಡುವುದು. ವಾರಕ್ಕೊಂದೇ ಗುಣದ ಮೇಲೆ ವಿಶೇಷ ಕಣ್ಣು. ಉಳಿದವಕ್ಕೆ ಚುಕ್ಕೆ ಮಾತ್ರ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು. ಇದರ ಜಾಣ್ಮೆಯಿರುವುದು ಇಲ್ಲಿಯೇ ಎಂದು ನನ್ನ ಎಣಿಕೆ. ಸೋತವನು ಪಟ್ಟಿಯನ್ನು ಹರಿಯಬೇಕಾಗಿಲ್ಲ; ಸುತ್ತು ತಾನಾಗಿಯೇ ಮತ್ತೆ ಬರುತ್ತದೆ. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತಾದಾಗ, ಒದ್ದೆ ಮಾಡಿ ಒರೆಸಬಹುದಾದ ದಂತದ ಹಾಳೆಗಳನ್ನೇ ಬಳಸತೊಡಗಿದನು.

ಎಲ್ಲದರಲ್ಲೂ ಗೆದ್ದನೆ? ಇಲ್ಲ. ಕ್ರಮವೆಂಬ ಗುಣ ಅವನಿಗೆ ಕಡೆಯವರೆಗೂ ಒಲಿಯಲಿಲ್ಲ. ಕಾಗದಪತ್ರಗಳು ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದವು. ಇದಕ್ಕೆ ಅವನೇ ಒಂದು ಕಥೆ ಹೇಳುತ್ತಾನೆ. ಕೊಡಲಿ ಕೊಂಡವನೊಬ್ಬ, ಬಾಯಿಯಂತೆಯೇ ಮೈಯೆಲ್ಲ ಹೊಳೆಯಬೇಕೆಂದು ಕಮ್ಮಾರನನ್ನು ಕೇಳಿದನಂತೆ. ಚಕ್ರವನ್ನು ನೀನೇ ತಿರುಗಿಸುವುದಾದರೆ ಆಗಬಹುದೆಂದ ಕಮ್ಮಾರ. ತಿರುಗಿಸಿ ತಿರುಗಿಸಿ ತೋಳು ಸೋತ ಮೇಲೆ, ತನಗೆ ಚುಕ್ಕೆಚುಕ್ಕೆಯ ಕೊಡಲಿಯೇ ಇಷ್ಟವೆಂದು ಹೇಳಿ ಗಿರಾಕಿ ಹೊರಟನು! ಫ್ರಾಂಕ್ಲಿನ್ ಕ್ರಮೇಣ ಸುತ್ತುಗಳನ್ನು ಕಡಿಮೆ ಮಾಡಿ ಕೊನೆಗೆ ಬಿಟ್ಟನು. ಪುಸ್ತಕವನ್ನು ಮಾತ್ರ ಜೊತೆಯಲ್ಲಿಯೇ ಇಟ್ಟುಕೊಂಡಿದ್ದನು. ಪೂರ್ಣನಾಗದಿದ್ದರೂ ಈ ಪ್ರಯತ್ನದಿಂದ ಉತ್ತಮನಾದೆ, ಸುಖಿಯಾದೆ ಎಂದು 1784ರಲ್ಲಿ, 78ರ ವೃದ್ಧನಾಗಿ, ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ.

ಆದರೆ ನನ್ನ ಮನಸ್ಸನ್ನು ಕೊರೆಯುವ ಸಂಗತಿಯೊಂದಿದೆ. ಆ ಹದಿಮೂರರಲ್ಲಿ ನ್ಯಾಯವೂ ಒಂದು. ಹಾಗಿದ್ದೂ ಅವನ ಮನೆಯಲ್ಲಿ ಬಹುಕಾಲ ಗುಲಾಮರಿದ್ದರು. ಅವನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಅಚ್ಚಾಗುತ್ತಿದ್ದವು. ತಾನು ತಪ್ಪೆಂದು ಬಗೆದುದಕ್ಕೆ ಮಾತ್ರ ಮನುಷ್ಯ ಚುಕ್ಕೆ ಇಡಬಲ್ಲನಷ್ಟೆ. ಈ ತಪ್ಪು ಅವನಿಗೆ ಪೂರ್ತಿಯಾಗಿ ಕಾಣಲು ಮುಪ್ಪು ಬರಬೇಕಾಯಿತು. 1787ರಲ್ಲಿ ಪೆನ್ಸಿಲ್ವೇನಿಯದ ಗುಲಾಮಗಿರಿ ವಿರೋಧಿ ಸಂಘಕ್ಕೆ ಅವನು ಅಧ್ಯಕ್ಷನಾದನು. 1790ರ ಫೆಬ್ರವರಿಯಲ್ಲಿ, ಗುಲಾಮಗಿರಿಯನ್ನು ತೊಡೆದುಹಾಕಬೇಕೆಂಬ ಮನವಿಗೆ ರುಜು ಹಾಕಿ ಅಮೆರಿಕದ ಕಾಂಗ್ರೆಸ್ಸಿಗೆ ಕಳುಹಿಸಿದನು. ಕಾಂಗ್ರೆಸ್ಸು ತನಗೆ ಆ ಅಧಿಕಾರವಿಲ್ಲವೆಂದಿತು. ಅದೇ ಏಪ್ರಿಲ್ 17ರಂದು, 84ನೆಯ ವಯಸ್ಸಿನಲ್ಲಿ, ಫಿಲಡೆಲ್ಫಿಯದ ತನ್ನ ಮನೆಯಲ್ಲಿ ಅವನು ತೀರಿಕೊಂಡನು.